ಬಿಸಿ ಗಾಜಿನ ಗುಣ

ಡಬ್ಬಿಗೆ ಅಂಟಿಸುವ ಚೀಟಿಗಳು ಬೆಂಗಳೂರಿನಿಂದ ಅಚ್ಚಾಗಿ ಬಂದದ್ದು ಶಿವರಾತ್ರಿಯ ಮಾರನೆಯ ದಿನ. ಚಿಕ್ಕಪ್ಪ ಪರಮಶಿವಯ್ಯ ಕಟ್ಟು ಬಿಚ್ಚಿ, ಒಂದು ಚೀಟಿಯನ್ನು ಬೆಳಕಿಗೆ ಹಿಡಿದು ಗಟ್ಟಿಯಾಗಿ ಓದಿದರು. 'ಗವಿಸಿದ್ದಯ್ಯ ಕೆಂಪು. ಬಿಸಿಲಿಗೆ ಮಾಸದು, ನೀರಿಗೆ ಬಿಡದು. ಚನ್ನಪಟ್ಟಣ, ಮೈಸೂರು ಸಂಸ್ಥಾನ.' ಸರ್ವಮಂಗಳ ಬಾಗಿಲ ಪಕ್ಕದಲ್ಲಿ ನಿಂತು ಕೇಳಿದಳು. ಅಕ್ಷರ ಚೆನ್ನಾಗಿ ಮೂಡಿದೆ ಎಂದಳು.

ಆ ಕೆಂಪು ಅವಳದು. ಗಂಡ ತೀರಿಕೊಂಡ ವರ್ಷ ಅವಳು ಮಾಗಡಿಯಿಂದ ಚಿಕ್ಕಪ್ಪನ ಮನೆಗೆ ಬಂದಿದ್ದಳು. ಬೊಂಬೆ ಕಡೆಯುವವರಿಗೆ ಬೇಕಾದ ಬಣ್ಣದ ಅರಗು ತಯಾರಿಸುವುದು ಚಿಕ್ಕಪ್ಪನ ಉದ್ಯೋಗ. ಹಿತ್ತಿಲಲ್ಲಿ ಕಲ್ಲುಗೋಡೆಯ ಒಂದು ಕೋಣೆ, ಅದರೊಳಗೆ ಕ್ಲೋಸ್‌ಪೇಟೆಯ ಬೆಟ್ಟದಿಂದ ತರಿಸಿದ ಕಲ್ಲುಚಪ್ಪಡಿಯ ಮೇಜು, ಒಂದು ತಕ್ಕಡಿ, ಗಾಜಿನ ಸಾಮಾನು. ಅದಕ್ಕೆ ಅವರು ಪ್ರಯೋಗಶಾಲೆ ಎಂದು ಹೆಸರಿಟ್ಟಿದ್ದರು. ಮೊದಲ ವರ್ಷ ಅವಳ ಕೆಲಸ ಗಾಜು ತೊಳೆಯುವುದು. ಎರಡನೆಯ ವರ್ಷ ಕಾಯಿಸುವುದು. ಹನ್ನೊಂದನೆಯ ವರ್ಷ, ಅಂದರೆ ಹೋದ ಕಾರ್ತಿಕದಲ್ಲಿ, ಎರಡು ತಿಂಗಳು ಬಿಸಿಲಲ್ಲಿಟ್ಟರೂ ಮಾಸದ ಕೆಂಪು ಅವಳ ಕೈಗೆ ಸಿಕ್ಕಿತು. ಅಳತೆ, ಶಾಖ, ಹೊತ್ತು ಎಲ್ಲವನ್ನೂ ಒಂದು ನೋಟ್‌ಬುಕ್ಕಿನಲ್ಲಿ ಬರೆದಿಟ್ಟಳು. ಪಕ್ಕದ ಕೊಟ್ಟಿಗೆಯಲ್ಲಿ ಬೊಂಬೆ ಕಡೆಯುತ್ತಿದ್ದ ಮೆಹಬೂಬ್ ಅದನ್ನು 'ಅಕ್ಕಯ್ಯನ ಕೆಂಪು' ಎಂದೇ ಕರೆಯುತ್ತಿದ್ದ.

ಆಮೇಲೆ ಗವಿಸಿದ್ದಯ್ಯ ಬಂದ. ಕನಕಪುರದವನು, ಬೆಂಗಳೂರಿನಲ್ಲಿ ರಸಾಯನಶಾಸ್ತ್ರ ಓದಿದವನು, ಚಿಕ್ಕಪ್ಪನ ಮಗಳಿಗೆ ಗೊತ್ತಾದ ಗಂಡು. ಚೈತ್ರದಲ್ಲಿ ಮದುವೆ. ಅಷ್ಟರೊಳಗೆ ಕೆಲಸ ಕಲಿಯಲಿ ಎಂದು ಚಿಕ್ಕಪ್ಪ ಅವನಿಗೆ ಪ್ರಯೋಗಶಾಲೆಯ ಮುಂಬಾಗಿಲ ಬೀಗದ ಕೈ ಕೊಟ್ಟರು. ನೋಟ್‌ಬುಕ್ಕು ಚಪ್ಪಡಿಯ ಕೆಳಗಿನ ಮರದ ಖಾನೆಗೆ ಹೋಯಿತು.

"ಹೆಂಗಸಿನ ಹೆಸರಲ್ಲಿ ಬಣ್ಣ ಮಾರಕ್ಕಾಯ್ತದೇನವ್ವ?" ಎಂದರು ಚಿಕ್ಕಪ್ಪ ಚೀಟಿಯನ್ನು ಕೆಳಗಿಟ್ಟು, ಅವಳು ಏನೂ ಕೇಳದಿದ್ದರೂ. "ಮನೇದು ಮನೇಲೇ ಐತಲ್ಲ. ಚೈತ್ರ ಕಳೀಲಿ, ನೀನು ಒಲೆ ಮುಂದೆ ಬೇಯೋದು ತಪ್ತದೆ. ನಿಮ್ಮ ಚಿಕ್ಕಮ್ಮಂಗೆ ಅಡಿಗೆಮನೇಲಿ ಒಬ್ರು ಬೇಕು."

ಸರ್ವಮಂಗಳ ತಲೆಯಾಡಿಸಿದಳು. ಹನ್ನೊಂದು ವರ್ಷ ಅವಳು ಮನುಷ್ಯಳಾಗಿ ಬದುಕಿದ್ದು ಆ ಕಲ್ಲುಕೋಣೆಯಲ್ಲಿ. ಕೆಂಪು ಹೋದರೆ ಹೆಸರು ಹೋಗುತ್ತದೆ, ಕೋಣೆ ಹೋದರೆ ಉಳಿಯುವುದು ಒಗ್ಗರಣೆ ಸೌಟು. ಇಷ್ಟು ಅವಳಿಗೆ ಒಂದೇ ಕ್ಷಣದಲ್ಲಿ ಅರ್ಥವಾಯಿತು. ಮುಖದಲ್ಲಿ ಏನೂ ಕಾಣಿಸಿಕೊಳ್ಳಲಿಲ್ಲ. ಬಿಸಿ ಗಾಜೂ ತಣ್ಣನೆಯ ಗಾಜೂ ನೋಡುವುದಕ್ಕೆ ಒಂದೇ ಎಂಬುದನ್ನು ಅವಳು ಕಲಿತದ್ದು ಬೆರಳು ಸುಟ್ಟುಕೊಂಡು. ಈಗ ಆ ಗುಣ ತನಗೂ ಬಂದಿದೆ ಎಂದುಕೊಂಡಳು.

ಗಾಜಿನ ವಿಷಯದಲ್ಲಿ ಅವಳಿಗೆ ಗಡಿಬಿಡಿ ಎಂಬುದೇ ಇರಲಿಲ್ಲ. ಹೊಸ ಗಾಜು ಬಂದರೆ ಹೊಸ ಮಡಕೆಯಂತೆ ಪಳಗಿಸುತ್ತಿದ್ದಳು: ತಣ್ಣೀರಿನಲ್ಲಿ ಮುಳುಗಿಸಿಟ್ಟು, ಸಣ್ಣ ಉರಿಯಲ್ಲಿ ಕುದಿ ಬರಿಸಿ, ಅದೇ ನೀರಿನಲ್ಲಿ ಮಾರನೆಯ ಬೆಳಗಿನವರೆಗೆ ಆರಲು ಬಿಡುವುದು. ಸ್ಪಿರಿಟ್ಟಿನಲ್ಲಿ ಅರಗು ಕರಗಿಸುವಾಗ ಫ್ಲಾಸ್ಕನ್ನು ಬೆಂಕಿಗೆ ತೋರಿಸದೆ ಬಿಸಿನೀರಿನ ಬೋಗುಣಿಯಲ್ಲಿ ಕೂರಿಸುವುದು. ಮುಟ್ಟುವ ಮೊದಲು ಹಿಂಗೈಯನ್ನು ಹತ್ತಿರ ಹಿಡಿದು ಶಾಖ ನೋಡುವುದು. ಎಲ್ಲಕ್ಕಿಂತ ಮುಖ್ಯ, ಬಿಸಿ ಗಾಜನ್ನು ಎಂದೂ ಬರಿಯ ಕಲ್ಲಿನ ಮೇಲೆ ಇಳಿಸದಿರುವುದು. ಅದಕ್ಕಾಗಿ ರಾಗಿಹುಲ್ಲಿನ ಒಂಬತ್ತು ಸಿಂಬೆಗಳನ್ನು ಹೊಸೆದಿಟ್ಟಿದ್ದಳು, ನೀರಿನ ಕೊಡಕ್ಕೆ ತಲೆಯ ಮೇಲಿಟ್ಟುಕೊಳ್ಳುವಂಥವು.

ಗವಿಸಿದ್ದಯ್ಯ ಅವನ್ನು ನೋಡಿ ನಕ್ಕಿದ್ದ. "ಅಕ್ಕಾವ್ರೆ, ಇದೇನು ಪ್ರಯೋಗಶಾಲೆಯೋ ಬಾವಿಕಟ್ಟೆಯೋ? ಇದು ಜರ್ಮನಿ ಗಾಜು. ಅಲ್ಲಿ ಯಾರೂ ಸಿಂಬೆ ಹೊಸೆಯಲ್ಲ."

"ಅಲ್ಲಿ ಹೆಂಗಸ್ರು ಬಿಸೀದ ಏನ್ಮ್ಯಾಲೆ ಮಡಗ್ತಾರೆ ಬುದ್ದಿ?" ಎಂದಳು ಗಾಜು ತೊಳೆಯುವ ಮಾರಮ್ಮ. "ಗಂಡನ ತಲೆ ಮ್ಯಾಲಾ?"

ಅವನೂ ನಕ್ಕ, ಆದರೆ ಸೋಮವಾರ ಒಂಬತ್ತನ್ನೂ ತೆಗೆಸಿ ಮಾರಮ್ಮನ ಕೈಯಲ್ಲಿ ನೀರೊಲೆಗೆ ಹಾಕಿಸಿದ. ಸ್ಪಿರಿಟ್ ಇರುವ ಕೋಣೆಯಲ್ಲಿ ಹುಲ್ಲು ಇರಕೂಡದು ಎಂಬುದು ಅವನ ವಾದ. ಮೂರು ದಿನ ಬಿಟ್ಟು, ಗುರುವಾರ, ಅವನೇ ತರಿಸಿದ ಹೊಸ ಗಾಜಿನ ಪೆಟ್ಟಿಗೆ ಮದರಾಸಿನಿಂದ ಬಂತು. ಅದರ ತುಂಬ ಹೊಂಬಣ್ಣದ ಪರದೇಶದ ಹುಲ್ಲು. ಪೆಟ್ಟಿಗೆಯನ್ನು ಬಿಚ್ಚಿಸಿ ಕಿಟಕಿಯ ಕೆಳಗೆ ಇಡಿಸಿದ.

ಅವನು ಬಂದ ಮೇಲೆ ಮೂರು ಬೀಕರುಗಳು ಒಡೆದಿದ್ದವು. ಮೂರೂ ಒಂದೇ ರೀತಿ: ಬಿಸಿಯಾದದ್ದನ್ನು ತಂದು ಚಪ್ಪಡಿಯ ಮೇಲೆ ಇಳಿಸುವುದು, ಚಪ್ಪಡಿಯಲ್ಲಿ ಎಲ್ಲೋ ನೀರು ಚೆಲ್ಲಿರುವುದು. ಮೂರನೆಯದು ಒಡೆದಾಗ ಚಿಕ್ಕಪ್ಪನ ಮುಖ ಗಂಟಾಗಿತ್ತು. ಅವರು ಕೈ ಬಿಗಿಯ ಮನುಷ್ಯರಲ್ಲ, ಆದರೆ ಅಜಾಗರೂಕತೆಯನ್ನು ಕಂಡರೆ ಆಗದು. ನಾಲ್ಕನೆಯದರ ಜೊತೆಗೆ ಒಂದಿಷ್ಟು ಬೆಂಕಿಯೂ ಸೇರಿದರೆ? ಈ ಪ್ರಶ್ನೆ ಅವಳೊಳಗೆ ಎದ್ದದ್ದು ಚೀಟಿಗಳನ್ನು ಎಣಿಸಿ ಕಟ್ಟುವಾಗ. ಕಟ್ಟಿ ಮುಗಿಸುವ ಹೊತ್ತಿಗೆ ಉತ್ತರವೂ ಸಿದ್ಧವಾಗಿತ್ತು.

ಯಾರಿಗೂ ನೋವಾಗಬಾರದು. ಕೋಣೆ ಉಳಿಯಬೇಕು, ಗೋಡೆ ಕಲ್ಲಿನದು, ಉಳಿಯುತ್ತದೆ. ಸುಡಬೇಕಾದದ್ದು ಮೇಜಿನ ಖಾನೆ ಮತ್ತು ಅದರೊಳಗಿನ ನೋಟ್‌ಬುಕ್ಕು. ನೋಟ್‌ಬುಕ್ಕು ಅಂದರೆ ಅದರ ರಟ್ಟು ಮತ್ತು ಖಾಲಿ ಹಾಳೆಗಳು. ಬರೆದ ಹಾಳೆಗಳು ಅವಳ ಸೊಂಟದಲ್ಲಿರುತ್ತವೆ. ಆಮೇಲೆ ಕೆಂಪು ಯಾರ ತಲೆಯಲ್ಲಿದೆ ಎಂದು ಚಿಕ್ಕಪ್ಪ ಹುಡುಕಬೇಕಾಗುತ್ತದೆ. ಹುಡುಕಿದರೆ ಒಬ್ಬಳೇ ಸಿಗುತ್ತಾಳೆ.

ಶುಕ್ರವಾರವನ್ನು ಆರಿಸಿದಳು. ಅಂದು ಗವಿಸಿದ್ದಯ್ಯ ಮೊದಲ ಸಲ ಕೆಂಪಿನ ವಾರ್ನಿಷ್ ಮಾಡುವವನಿದ್ದ. ಮಧ್ಯಾಹ್ನ ಪೂಜೆ ಮುಗಿಸಿ ಮಾವನ ಜೊತೆ ಊಟಕ್ಕೆ ಕೂತರೆ ಒಂದು ಗಂಟೆ ಏಳುವುದಿಲ್ಲ. ಮಾರಮ್ಮ ಶುಕ್ರವಾರ ಹನ್ನೊಂದಕ್ಕೇ ಮನೆಗೆ ಹೋಗಿ ಮೂರಕ್ಕೆ ಬರುತ್ತಾಳೆ. ಇನ್ನು ಸರ್ವಮಂಗಳ ಎಲ್ಲಿರಬೇಕು? ಹಿತ್ತಿಲ ಕಟ್ಟೆಯ ಮೇಲೆ ಹಪ್ಪಳ ಕಾಯುತ್ತ. ಹಪ್ಪಳ ಕಾಯುವ ವಿಧವೆಯನ್ನು ಯಾರೂ ತಿರುಗಿ ನೋಡುವುದಿಲ್ಲ. ಅಡಿಗೆಮನೆಯ ಕಿಟಕಿಯಿಂದ ಕಟ್ಟೆಯ ತುದಿ ಮಾತ್ರ ಕಾಣುತ್ತದೆ. ಅಲ್ಲಿ ಕಾಗೆ ಓಡಿಸುವ ಅವಳ ಕೋಲು, ಕೋಲಿನ ಮೇಲೆ ಒಣಗಲು ಹಾಕಿದ ಅವಳ ಸೀರೆಯ ಅಂಚು ಕಂಡರೆ ಅವಳು ಅಲ್ಲೇ ಇದ್ದ ಹಾಗೆ.

ಕಾಗೆಗಳ ಬಗ್ಗೆಯೂ ಯೋಚಿಸಿದ್ದಳು. ಅವಳು ಎದ್ದುಹೋದ ಹದಿನೈದು ನಿಮಿಷದಲ್ಲಿ ಅರ್ಧ ಹಪ್ಪಳ ಕಾಗೆಯ ಪಾಲಾದರೆ ಚಿಕ್ಕಮ್ಮ ಕೇಳದೆ ಇರುವುದಿಲ್ಲ. ಅದಕ್ಕೆ ಒಂದು ತೆಳು ಪಂಚೆ, ನಾಲ್ಕು ಮೂಲೆಗೆ ನಾಲ್ಕು ಕಲ್ಲು. ಸ್ಪಿರಿಟ್ಟಿನ ವಾಸನೆ? ಹನ್ನೊಂದು ವರ್ಷದಿಂದ ಅವಳ ಸೀರೆಗೆ ಅದೇ ವಾಸನೆ. ಬೆರಳಿಗೆ ಕೆಂಪು ಹತ್ತಿದರೆ? ಅವಳ ಬೆರಳುಗಳನ್ನು ಬೇರೆ ಬಣ್ಣದಲ್ಲಿ ಈ ಮನೆಯಲ್ಲಿ ಯಾರೂ ಕಂಡಿಲ್ಲ. ಕೋಣೆಯ ಹಿಂಬಾಗಿಲ ಚಿಲಕವನ್ನು ಒಳಗಿನಿಂದ ದಿನವೂ ಹಾಕುವವಳು ಅವಳೇ. ಅಂದು ಹಾಕುವುದಿಲ್ಲ. ಬೆಂಕಿ ಎಂದು ಕೂಗಿದಾಗ ಆ ಬಾಗಿಲಿಗೆ ಮೊದಲು ಓಡುವವಳೂ ಅವಳೇ. ನುಗ್ಗಿದ ಮೇಲೆ ಚಿಲಕ ಹಾಕಿತ್ತೋ ಇಲ್ಲವೋ ಎಂದು ಯಾರು ಹೇಳುತ್ತಾರೆ?

ಉಳಿದದ್ದು ಒಂದೇ. ಪೆಟ್ಟು ಬಿದ್ದು ಒಡೆದ ಗಾಜು ಜೇಡರ ಬಲೆಯಂತೆ ಬಿರುಕು ಬಿಡುತ್ತದೆ, ಶಾಖಕ್ಕೆ ಒಡೆದರೆ ಬಿರುಕು ನೀರಿನ ಹಾದಿಯಂತೆ ಬಳುಕುತ್ತದೆ. ಓದಿದವನಿಗೆ ಅದು ಗೊತ್ತಿರುತ್ತದೆ. ಆದ್ದರಿಂದ ಫ್ಲಾಸ್ಕನ್ನು ಕುಟ್ಟುವಂತಿಲ್ಲ. ನಿಜವಾಗಿಯೂ ಕಾಯಿಸಿ, ನಿಜವಾಗಿಯೂ ಒದ್ದೆ ಕಲ್ಲಿನ ಮೇಲೆ ಇಳಿಸಿ ಒಡೆಯಬೇಕು. ತನ್ನ ಜೀವಮಾನದಲ್ಲಿ ಬೇಕೆಂದೇ ಒಂದು ಗಾಜನ್ನು ಹಾಳುಮಾಡಬೇಕಾಗಿ ಬಂತಲ್ಲ ಎಂಬುದೊಂದೇ ಅವಳಿಗೆ ಹಿಡಿಸದ ಮಾತು.

ಶುಕ್ರವಾರ ಬೆಳಿಗ್ಗೆಯಿಂದ ಎಲ್ಲರೂ ತನ್ನನ್ನೇ ನೋಡುತ್ತಿದ್ದಾರೆ ಎನ್ನಿಸಿತು. ಗವಿಸಿದ್ದಯ್ಯ ಫ್ಲಾಸ್ಕನ್ನು ಬೋಗುಣಿಯಲ್ಲಿ ಕೂರಿಸುತ್ತ ಎರಡು ಸಲ ಹಿಂಬಾಗಿಲ ಕಡೆ ತಿರುಗಿದ. ಗಾಳಿಗೆ ಇರಬಹುದು. ಮಾರಮ್ಮ ಹೊರಡುವಾಗ ಬಾಗಿಲಲ್ಲಿ ನಿಂತಳು.

"ಇದ್ಯಾಕ್ ಅಕ್ಕಯ್ಯ, ಇವತ್ತು ಕೈ ಹಿಂಗೆ ಹಿಸುಕ್ಕೊಂತಿದೀರಿ? ಸಿಂಬೆ ಹೊಸೆಯಾಕೆ ಹುಲ್ಲಿಲ್ಲ ಅಂತಾನಾ?"

"ಉದ್ದಿನ ಹಿಟ್ಟು ನಾದಿ ನೋಯ್ತಿದೆ ಮಾರಮ್ಮ. ನೀನು ಹೊರಡು, ಬಿಸಿಲೇರ್ತದೆ."

"ಹೊಂಟೆ. ನನ್ನ ಓಡಿಸಾಕೆ ಬಿಸಿಲು ಬ್ಯಾರೆ ಬೇಕಾ?"

ಮಾರಮ್ಮ ಬೀದಿ ತಿರುಗುವವರೆಗೂ ಸರ್ವಮಂಗಳ ನೋಡಿದಳು. ಆ ಮಾತಿನಲ್ಲಿ ಏನಾದರೂ ಇತ್ತೆ ಎಂದು ಮೂರು ಸಲ ಮಗುಚಿ ನೋಡಿದಳು. ಏನೂ ಇರಲಿಲ್ಲ.

ಹನ್ನೆರಡೂವರೆಗೆ ಮುಂಬಾಗಿಲಿಗೆ ಬೀಗ ಬಿತ್ತು. ಗವಿಸಿದ್ದಯ್ಯ ಕೈಕಾಲು ತೊಳೆದ, ಒಳಗೆ ಎಲೆ ಹಾಕಿದ ಸದ್ದಾಯಿತು. ಅವಳು ಹಪ್ಪಳದ ಮೇಲೆ ಪಂಚೆ ಹೊದಿಸಿ, ಕಲ್ಲಿಟ್ಟು, ಹಿಂಬಾಗಿಲು ತಳ್ಳಿ ಒಳಗೆ ಹೋದಳು.

ಅವಳು ಎಣಿಸಿದ್ದ ಹಾಗೆಯೇ ಎಲ್ಲ ಇತ್ತು. ಫ್ಲಾಸ್ಕು ಚಪ್ಪಡಿಯ ಮೇಲೆ, ಬರಿಯ ಕಲ್ಲಿನ ಮೇಲೆ. ಪುಣ್ಯಕ್ಕೆ ಕಲ್ಲು ಒಣಗಿತ್ತು, ಇಲ್ಲದಿದ್ದರೆ ಅವನೇ ಅವಳ ಕೆಲಸ ಮುಗಿಸಿಬಿಡುತ್ತಿದ್ದ. ಅಗ್ಗಿಷ್ಟಿಕೆಯಲ್ಲಿ ಇದ್ದಿಲು ಬೂದಿ ಮುಚ್ಚಿಕೊಂಡು ಕೆಂಪಗಿತ್ತು. ಮೊದಲು ಖಾನೆ. ನೋಟ್‌ಬುಕ್ಕಿನ ಹೊಲಿಗೆಯನ್ನು ಚಾಕುವಿನಿಂದ ಬಿಡಿಸಿ, ತನ್ನ ಕೈಬರಹದ ಹಾಳೆಗಳನ್ನು ಮಡಿಸಿ ಸೊಂಟಕ್ಕೆ ಸಿಕ್ಕಿಸಿಕೊಂಡಳು. ರಟ್ಟು ಮತ್ತು ಖಾಲಿ ಹಾಳೆಗಳು ಹಿಂದಕ್ಕೆ ಹೋದವು.

ಫ್ಲಾಸ್ಕಿಗೆ ಹಿಂಗೈ ಹಿಡಿದಳು. ಚೆನ್ನಾಗಿಯೇ ಬಿಸಿ ಇತ್ತು. ಬಟ್ಟೆ ಸುತ್ತಿ ಎತ್ತಿ, ಕಿಟಕಿಯ ಬಳಿಗೆ, ಕೆಂಡದಿಂದ ದೂರಕ್ಕೆ ಒಯ್ದು, ವಾರ್ನಿಷ್ಷನ್ನು ದೊಡ್ಡ ಬೀಕರಿಗೆ ಬಗ್ಗಿಸಿದಳು. ಬೀಕರು ಕಿಟಕಿಯ ಅಗಲ ಕಲ್ಲುಕಟ್ಟೆಯ ಮೇಲೆ ಕೂತಿತು. ಕೂತ ಸದ್ದು ಕೂಡ ಆಗಲಿಲ್ಲ. ಗಾಬರಿಯಲ್ಲೂ ತನ್ನ ಕೈ ಎಷ್ಟು ಹಗುರವಾಗಿದೆ ಎಂದು ಅವಳಿಗೆ ಒಂದು ಗಳಿಗೆ ಹೆಮ್ಮೆಯಾಯಿತು. ಬಿಸಿಲಿನಲ್ಲಿ ಆ ಕೆಂಪು ಒಳಗಿನಿಂದ ಉರಿಯುವ ಹಾಗಿತ್ತು. ಇದಕ್ಕೆ ಅವನ ಹೆಸರು.

ಫ್ಲಾಸ್ಕಿನಲ್ಲಿ ಸ್ಪಿರಿಟ್ಟಿನ ಆವಿ ಉಳಿದಿದ್ದರೆ ಕೆಂಡದ ಮೇಲೆ ಹಿಡಿದ ಕೂಡಲೆ ಮುಖಕ್ಕೆ ಹಾರುತ್ತದೆ. ಅದಕ್ಕೆ ಬೋಗುಣಿಯ ಬಿಸಿನೀರಿನಲ್ಲಿ ಎರಡು ಸಲ ತೊಳೆದು ಕೊಡವಿದಳು. ಆಮೇಲೆ ಇದ್ದಿಲು ಕೆದಕಿ, ಇಕ್ಕಳದಲ್ಲಿ ಕತ್ತು ಹಿಡಿದು, ನೂರು ಎಣಿಸುವವರೆಗೆ ಬುಡವನ್ನು ಕಾಯಿಸಿದಳು. ಚಪ್ಪಡಿಗೆ ಬಾವಿಯ ನೀರು ಚೆಲ್ಲಿದಳು. ಇಳಿಸಿದಳು. ಬಳೆ ಒಡೆದಷ್ಟೇ ಸಣ್ಣ ಸದ್ದು. ಬಿರುಕು ಬುಡದಿಂದ ಹೊರಟು, ಹೊಟ್ಟೆಯನ್ನು ಬಳಸಿಕೊಂಡು ಮೇಲಕ್ಕೆ ಹೋಯಿತು, ಅವಳು ಬಯಸಿದ ಹಾಗೆಯೇ ಬಳುಕುತ್ತ.

ಮುಂದಿನದಕ್ಕೆ ಹೆಚ್ಚು ಹೊತ್ತು ಹಿಡಿಯಲಿಲ್ಲ. ವಾರ್ನಿಷ್ಷು ಚೂರುಗಳ ಮೇಲೆ, ಖಾನೆಯೊಳಗೆ, ಖಾನೆಯಿಂದ ಅಗ್ಗಿಷ್ಟಿಕೆಯ ಕಡೆಗೆ. ಬೀಕರನ್ನು ಸ್ಪಿರಿಟ್ಟಿನಲ್ಲಿ ತೊಳೆದು, ಒರೆಸಿ, ಅದರ ಗೂಟಕ್ಕೆ ಬೋರಲಾಗಿ ಹಾಕಿದಳು. ಒಂದು ಸಲ ಸುತ್ತ ನೋಡಿದಳು. ಗೂಟ, ಗೋಡೆ, ತಕ್ಕಡಿ, ಕಿಟಕಿ, ಗಾಜಿನ ಪೆಟ್ಟಿಗೆ. ಹನ್ನೊಂದು ವರ್ಷ ನೋಡಿದ ಕೋಣೆ, ಎಲ್ಲವೂ ಇರಬೇಕಾದ ಹಾಗೆಯೇ ಇತ್ತು. ಹಿಂದೆ ಭುಸ್ ಎಂದು ನೀಲಿ ಉರಿ ಏಳುವಾಗ ಅವಳು ಬಾಗಿಲೆಳೆದುಕೊಂಡು ಹಪ್ಪಳದ ಮುಂದೆ ಕೂತಿದ್ದಳು.

"ಸರ್ವಾ, ಕಾಗೆ ಬಂತಾ?" ಚಿಕ್ಕಮ್ಮ ಒಳಗಿನಿಂದ ಕೇಳಿದರು.

"ಇಲ್ಲ ಚಿಕ್ಕಮ್ಮ."

ಮೊದಲು ಕೂಗುವವಳು ತಾನಾಗಬಾರದು ಎಂದು ತೀರ್ಮಾನಿಸಿಕೊಂಡಿದ್ದಳು. ಪಂಚೆ ತೆಗೆದು ಹಪ್ಪಳ ಮಗುಚಿದಳು. ಎರಡು ಸಾಲು ಮಗುಚುವಷ್ಟರಲ್ಲಿ ಮೆಹಬೂಬ್ ಕೊಟ್ಟಿಗೆಯಿಂದ ಓಡಿಬಂದ. "ಅಕ್ಕಯ್ಯ, ಹೊಗೆ ನೋಡಿ, ಹೊಗೆ." ಆಗ ಓಡಿದಳು. ಹಿಂಬಾಗಿಲನ್ನು ಭುಜದಿಂದ ನೂಕಿದಳು. ನೀರು ತಂದವರನ್ನು ತಡೆದು ಮರಳಿನ ಬಕೀಟು ತೋರಿಸಿದಳು. ಕಾಲು ಗಂಟೆಯಲ್ಲಿ ಬೆಂಕಿ ಆರಿತು. ಖಾನೆ ಕರಿಯ ಗೂಡಾಗಿತ್ತು. ಚಪ್ಪಡಿ ಸೀಳಿತ್ತು. ಕಿಟಕಿಯ ಕಡೆಗೆ ಬೆಂಕಿ ಸುಳಿದಿರಲಿಲ್ಲ, ಹೊಸ ಗಾಜಿನ ಪೆಟ್ಟಿಗೆಗೆ ಮಸಿ ಕೂಡ ಅಂಟಿರಲಿಲ್ಲ. ಅದು ಅವಳಿಗೆ ಸಮಾಧಾನ ತಂದಿತು.

ಚಿಕ್ಕಪ್ಪ ಎಂಜಲು ಕೈಯಲ್ಲೇ ಬಂದು ನಿಂತಿದ್ದರು. ಬೇರೆ ಯಾರಾದರೂ ಏನಾದರೂ ಹೇಳಲಿ ಎಂದು ಅವಳು ಕಾಯುತ್ತಿದ್ದಳು. ಹೇಳಿದವನು ಗವಿಸಿದ್ದಯ್ಯನೇ. ಮರಳಿನಲ್ಲಿ ಕೈಯಾಡಿಸಿ, ದೊಡ್ಡದೊಂದು ಚೂರನ್ನು ಹೆಕ್ಕಿ, ಮಸಿ ಒರೆಸಿ ನೋಡಿದ. ಅವನ ಮುಖ ಬಿಳಿಚಿಕೊಂಡಿತು.

"ಪೆಟ್ಟು ಬಿದ್ದದ್ದಲ್ಲ ಮಾವ. ಬಿರುಕು ಬಳುಕಿದೆ. ಶಾಖಕ್ಕೇ ಒಡೆದಿದೆ." ಚೂರನ್ನು ಕೆಳಗಿಟ್ಟು ಹೇಳಿದ, "ಬಿಸಿದನ್ನ ಕಲ್ಲಿನ ಮೇಲಿಟ್ಟು ಬಂದದ್ದು ನಾನು. ಕಲ್ಲು ಒಣಗಿತ್ತು ಅಂದ್ಕೊಂಡಿದ್ದೆ."

"ಅಂದ್ಕೊಂಡಿದ್ದೆ," ಎಂದರು ಚಿಕ್ಕಪ್ಪ. "ಒಳಗೆ ಯಾರಾದ್ರೂ ಇದ್ದಿದ್ರೆ? ಆ ಮುದುಕಿ ಮಾರಮ್ಮ ಇದ್ದಿದ್ರೆ ಏನಂದ್ಕೊಂತಿದ್ದೆ?"

ತಪ್ಪನ್ನು ಅವನು ಅಷ್ಟು ನೇರವಾಗಿ ಒಪ್ಪಿಕೊಂಡಾನು ಎಂದು ಸರ್ವಮಂಗಳ ಎಣಿಸಿರಲಿಲ್ಲ. ಒಂದು ಕ್ಷಣ ಅವನ ಮೇಲೆ ಮರುಕ ಬಂತು. ಇದು ನಾಟಕವಿರಬಹುದೆ ಎಂದು ಕೂಡಲೆ ಅನುಮಾನವೂ ಬಂತು. ಅವನ ಕಣ್ಣನ್ನು ದಿಟ್ಟಿಸಿ ನೋಡಿದಳು. ಅಲ್ಲಿ ನಾಚಿಕೆಯ ಹೊರತು ಏನೂ ಕಾಣಲಿಲ್ಲ.

ಮೂರು ಗಂಟೆಯ ಹೊತ್ತಿಗೆ ಎಲ್ಲ ಇತ್ಯರ್ಥವಾಗಿತ್ತು. ಚಿಕ್ಕಪ್ಪ ಕೋಣೆಯ ಹೊಸ್ತಿಲ ಮೇಲೆ ಕೂತಿದ್ದರು. ಮದುವೆಯ ಮಾತನ್ನು ಮುಂದಿನ ವರ್ಷ ಆಡೋಣ, ಸದ್ಯಕ್ಕೆ ನಾಳೆ ಬೆಳಗಿನ ಮೋಟಾರಿಗೆ ಊರಿಗೆ ಹೋಗಿಬಾ ಎಂದು ಗವಿಸಿದ್ದಯ್ಯನಿಗೆ ಹೇಳಿದ್ದಾಯಿತು. ಅವನು ಗೋಡೆಗೊರಗಿ ನಿಂತಿದ್ದ. ಮಾರಮ್ಮ ಬಂದು, ಹಣೆ ಚಚ್ಚಿಕೊಂಡು, ಪೊರಕೆ ಹಿಡಿದು ಗುಡಿಸಲು ತೊಡಗಿದ್ದಳು.

"ಪುಸ್ತಕ ಸುಟ್ಟೋಯ್ತಲ್ಲ ಸರ್ವಾ," ಎಂದರು ಚಿಕ್ಕಪ್ಪ. ಅವರ ದನಿಯಲ್ಲಿ ಅವಳು ಎಂದೂ ಕೇಳದ ಮೆತ್ತನೆಯೊಂದು ಇತ್ತು. "ನಿಂಗೆ ಗ್ಯಾನ ಐತಾ, ಆ ಅಳತೆ?"

"ಒಸಿ ಒಸಿ ಐತೆ ಚಿಕ್ಕಪ್ಪ. ಮತ್ತೆ ಮೊದಲಿಂದ ಕೂತರೆ ಬರಬಹುದು." ಸೊಂಟದಲ್ಲಿ ಮಡಿಸಿದ ಹಾಳೆಗಳು ಮೈಗೆ ಚುಚ್ಚುತ್ತಿದ್ದವು.

"ಕೂತ್ಕೊ. ಬೀಗದ ಕೈ ನೀನೇ ಇಟ್ಕೊ. ಆ ಚೀಟಿನೂ ಬ್ಯಾರೆ ಅಚ್ಚು ಹಾಕಿಸ್ಬೇಕು." ಚಿಕ್ಕಪ್ಪ ಬೀಗದ ಕೈಯನ್ನು ಹೊಸ್ತಿಲ ಮೇಲೆ ಇಟ್ಟು ಅವಳ ಕಡೆಗೆ ಸರಿಸಿದರು. ಅವಳು ಬಗ್ಗಿ ಕೈಚಾಚಿದಳು.

"ಅಕ್ಕಯ್ಯ," ಎಂದಳು ಮಾರಮ್ಮ ಕಿಟಕಿಯ ಕಡೆಯಿಂದ, "ಇದ್ಯಾವಾಗ ಹೊಸೆದ್ರಿ? ಸೋಮವಾರ ಒಂಬತ್ತನ್ನೂ ನಾನೇ ಒಲೆಗಾಕಿದ್ನಲ್ಲ." ಅವಳ ದನಿಯಲ್ಲಿ ಅಚ್ಚರಿಯ ಹೊರತು ಬೇರೇನೂ ಇರಲಿಲ್ಲ. ಅಂಗೈ ಮೇಲೆ ಒಂದು ಸಿಂಬೆ ಇತ್ತು. ರಾಗಿಹುಲ್ಲಿನದಲ್ಲ, ನಿನ್ನೆಯಷ್ಟೇ ಬಿಚ್ಚಿದ ಪೆಟ್ಟಿಗೆಯ ಹೊಂಬಣ್ಣದ ಹುಲ್ಲಿನದು. ಮೂರು ಎಳೆ ಸುತ್ತಿ, ತುದಿಯನ್ನು ಒಳಕ್ಕೆ ಸಿಕ್ಕಿಸಿದ ಸರ್ವಮಂಗಳಳದೇ ಹೊಸೆತ; ಕೈ ತಾನಾಗಿ ಯಾವಾಗ ಹೊಸೆದಿತ್ತೋ ಅವಳಿಗೇ ತಿಳಿಯದು. ಅದರ ಮೇಲೆ ದೊಡ್ಡ ಬೀಕರಿನ ಬುಡದಷ್ಟೇ ಅಗಲಕ್ಕೆ ಕೆಂಪು ವಾರ್ನಿಷ್ಷಿನ ಒಂದು ಬಳೆ, ಮಾರಮ್ಮನ ಹೆಬ್ಬೆರಳಿಗೆ ಇನ್ನೂ ಅಂಟುತ್ತಿತ್ತು. ಗವಿಸಿದ್ದಯ್ಯ ಗೋಡೆಯಿಂದ ಬೆನ್ನು ತೆಗೆದ. ಗೂಟದಲ್ಲಿ ಬೋರಲಾಗಿದ್ದ ಬೀಕರನ್ನು ನೋಡಿದ, ಸಿಂಬೆಯನ್ನು ನೋಡಿದ. ಚಿಕ್ಕಪ್ಪ ನೋಡಿದ್ದು ಅವಳ ಕೈಗಳನ್ನು. ಬೀಗದ ಕೈಗೆ ಇನ್ನೊಂದು ಗೇಣು ಇರುವಾಗ ಸರ್ವಮಂಗಳಳ ಬೆರಳುಗಳು ನಿಂತವು. ಬಿಸಿ ಬೀಕರನ್ನು ಕಿಟಕಿಯ ಕಟ್ಟೆಯ ಮೇಲೆ ಇಟ್ಟಾಗ ಕಲ್ಲಿಗೆ ಗಾಜು ತಗುಲಿದ ಸದ್ದು ತನಗೆ ಕೇಳಿಸಿರಲಿಲ್ಲ ಎಂಬುದು ಅವಳಿಗೆ ಆಗ ನೆನಪಾಯಿತು.